ಕನ್ನಡ ಹುಡುಕಿಕೊಂಡು ಕೆನಡಾಕ್ಕೆ

ಕಂಪ್ಯೂಟರ್ ಪರದೆಯ ಬಲಗಡೆಯ ಕೆಳಮೂಲೆ ಎನ್ನುವುದು ಹಳೆಯ ಮನೆಗಳ ಜಗಲಿ ಇದ್ದ ಹಾಗೆ. ಒಳಗೆ ಎಷ್ಟೇ ಗಹನವಾದ ಕೆಲಸ ನಡೆಯುತ್ತಿರಲಿ, ಅಲ್ಲಿ ನಾಲ್ಕಾರು ಜನ ಸುಮ್ಮನೆ ಕೂತಿರುತ್ತಾರೆ. ಗಡಿಯಾರ ಕೂತಿರುತ್ತದೆ, ಬ್ಯಾಟರಿ ಕೂತಿರುತ್ತದೆ, ಧ್ವನಿಯ ತುತ್ತೂರಿ ಕೂತಿರುತ್ತದೆ, ಇಂಟರ್‌ನೆಟ್ಟು ಬಂತೋ ಹೋಯಿತೋ ಎಂದು ಒಪ್ಪಿಸುವ ಚಾಡಿಕೋರನೂ ಕೂತಿರುತ್ತಾನೆ. ಇವರ ನಡುವೆ ಒತ್ತರಿಸಿಕೊಂಡು ಕೂತವನೇ ನಮ್ಮ ಕಥಾನಾಯಕ: ಕೀಲಿಮಣೆ ಸದ್ಯಕ್ಕೆ ಯಾವ ಭಾಷೆಯಲ್ಲಿದೆ ಎಂದು ತಿಳಿಸುವ ಎರಡು ಮೂರು ಅಕ್ಷರ. ಇಂಗ್ಲಿಷೊಂದರಲ್ಲೇ ಬಾಳುವೆ ಮಾಡುವವರ ಯಂತ್ರದಲ್ಲಿ ಇವನು ಇರುವುದೇ ಇಲ್ಲ. ಕನ್ನಡ ಬರೆಯುವವನ ಕಣ್ಣು ಮಾತ್ರ ಗಡಿಯಾರಕ್ಕಿಂತ ಹೆಚ್ಚು ಸಲ ಇವನ ಕಡೆ ಹೋಗಿ ಬರುತ್ತದೆ.

ಹೋಗಿ ಬರದಿದ್ದರೆ ಆಗುವ ಅನಾಹುತಗಳೇ ಬೇರೆ. 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ದೇಶದ ಲಿಪಿಗಳಿಗೆಲ್ಲ ಒಂದೇ ಬಗೆಯ ಕೀಲಿಮಣೆ ಇರಲಿ ಎಂದು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ತಂದಿತು. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕನ್ನಡದ ‘ಕ’ ಯಾವ ಬೆರಳಿನ ಕೆಳಗಿದೆಯೋ ತಮಿಳಿನ, ತೆಲುಗಿನ, ಬಂಗಾಳಿಯ ‘ಕ’ವೂ ಅದೇ ಬೆರಳಿನ ಕೆಳಗೆ. ಇದರಷ್ಟು ಶಾಸ್ತ್ರಬದ್ಧವಾದದ್ದು ಇನ್ನೊಂದಿಲ್ಲ, ಒಪ್ಪಿದೆ. ಆದರೆ ಕನ್ನಡದಲ್ಲಿದ್ದೇವೆ ಎಂಬುದನ್ನು ಮರೆತು ಇಂಗ್ಲಿಷಿನ ಭರದಲ್ಲಿ ‘ಅಂಕಲ್’ ಎಂದು ಐದು ಅಕ್ಷರ ಒತ್ತಿ ನೋಡಿ. ಪರದೆಯ ಮೇಲೆ ಮೂಡುವುದು ‘ಹಲಮತಾ’. ಯಾವುದೋ ಶಿಲಾಶಾಸನದಿಂದ ಎದ್ದುಬಂದ ಪದದಂತೆ ಕಾಣುತ್ತದೆ, ಅರ್ಥ ಕೇಳಿದರೆ ವಿದ್ವಾಂಸರು ಏನಾದರೂ ಹೇಳಿಯೇ ಹೇಳುತ್ತಾರೆ. ಚಹಾ ಬೆಳೆಯುವ ನೀಲಗಿರಿಯಲ್ಲಿ ಕೂತವರಿಗೆ ಇದಕ್ಕಿಂತ ದೊಡ್ಡ ಅವಮಾನ ಕಾದಿದೆ. ಚಹಾಕ್ಕೆ ಇಂಗ್ಲಿಷಿನಲ್ಲಿ ಇರುವ ಮೂರೇ ಅಕ್ಷರಗಳನ್ನು ಅದೇ ಕೀಲಿಗಳಲ್ಲಿ ಒತ್ತಿದರೆ ಕೊಂಬಿನಿಳಿ, ಇಳಿ, ಓತ್ವದ ದೀರ್ಘ ಸಾಲಾಗಿ ಬಂದು ನಿಲ್ಲುತ್ತವೆ. ಮೂರೂ ಕಾಗುಣಿತದ ಚಿಹ್ನೆಗಳೇ, ಹಿಡಿದು ನಿಲ್ಲಲು ಒಂದು ವ್ಯಂಜನವೂ ಇಲ್ಲ. ಯಂತ್ರ ಕನಿಕರಪಟ್ಟು ಅವುಗಳ ಕೆಳಗೆ ಚುಕ್ಕಿಚುಕ್ಕಿಯ ಉಂಗುರಗಳನ್ನು ಇಟ್ಟು ಕಾಪಾಡುತ್ತದೆ.

ಭಾಷೆ ಬದಲಿಸುವ ಕಾಯಕಕ್ಕೂ ಒಂದು ಚರಿತ್ರೆಯಿದೆ. ವಿಂಡೋಸ್ ತಾನಾಗಿ ಕನ್ನಡ ಕಲಿತದ್ದು 2001ರ ಎಕ್ಸ್‌ಪಿ ಕಾಲದಲ್ಲಿ, ‘ತುಂಗಾ’ ಅಕ್ಷರಶೈಲಿಯ ಜೊತೆಗೆ. ಅದಕ್ಕೂ ಮೊದಲೇ ನಮ್ಮವರು ತಮ್ಮ ದಾರಿ ಮಾಡಿಕೊಂಡಿದ್ದರು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆಯನ್ನು ಕಟ್ಟಿ, ಆ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಓಡಾಡಲು ಎಫ್ ಹನ್ನೊಂದು ಎಂಬ ಕೀಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯವರದು ಇನ್ನೂ ಸ್ವಾರಸ್ಯದ ಆಯ್ಕೆ: ಸ್ಕ್ರೋಲ್ ಲಾಕ್. ಈ ಕೀಲಿ ಏತಕ್ಕಿದೆ ಎಂದು ಜಗತ್ತಿನಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಯಾರೂ ಮುಟ್ಟದೆ ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಅದಕ್ಕೆ ಕರ್ನಾಟಕದ ಕಚೇರಿಗಳಲ್ಲಿ ಖಾಯಂ ನೌಕರಿ ಸಿಕ್ಕಿತು. ತಾಲ್ಲೂಕು ಕಚೇರಿಯ ಕೀಲಿಮಣೆಗಳಲ್ಲಿ ಮೊದಲು ಸವೆಯುತ್ತಿದ್ದದ್ದು ಇದೇ ಇರಬೇಕು. ಆಮೇಲೆ ಲ್ಯಾಪ್‌ಟಾಪು ಮಾಡುವವರು ಜಾಗ ಉಳಿಸಲು ಹೊರಟು ಮೊದಲು ತೆಗೆದುಹಾಕಿದ್ದೂ ಇದನ್ನೇ. ಅವರಿಗೇನು ಗೊತ್ತು, ಅದರ ಮೇಲೆ ಒಂದು ರಾಜ್ಯದ ಆಡಳಿತ ನಿಂತಿತ್ತೆಂದು!

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನೀಲಗಿರಿಯ ಎಮರಾಲ್ಡಿಗೆ ಹೋಗಲಿಕ್ಕೆ.

ಊಟಿಯಿಂದ ಫರ್ನ್‌ಹಿಲ್ಲಿನ ಮೈಸೂರು ಅರಸರ ಬಂಗಲೆಯ ಕಡೆಯಿಂದ ಇಳಿದು, ಆಲೂಗಡ್ಡೆ ಸಂಶೋಧನಾ ಕೇಂದ್ರವಿರುವ ಮುತ್ತೋರೈ ಪಾಲಡಾ ದಾಟಿ, ಕ್ಯಾರೆಟ್ಟು, ಕೋಸು, ಚಹಾ ಎಂದು ಹಸಿರಿನ ಬಗೆಗಳನ್ನೆಲ್ಲ ನೋಡಿ ಸುಸ್ತಾದ ಮೇಲೆ ಬಸ್ಸು ಎಮರಾಲ್ಡಿನಲ್ಲಿ ನಿಲ್ಲುತ್ತದೆ. ಊರಿಗೆ ರತ್ನದ ಹೆಸರಿಟ್ಟವರು ಮೋಸ ಮಾಡಿಲ್ಲ. ಕೆರೆ ನಿಜಕ್ಕೂ ಪಚ್ಚೆ. ಕೆರೆಯೆಂದೆನಲ್ಲ, ಅದು ಜಲಾಶಯ. ಪಕ್ಕದ ಅವಲಾಂಚಿಯದೂ ಇದೂ ಜೋಡಿ ಜಲಾಶಯಗಳು, ಎರಡೂ ಕುಂದಾ ಜಲವಿದ್ಯುತ್ ಯೋಜನೆಯವು. ಮಳೆಯ ವಿಚಾರ ಕೇಳಲೇಬೇಡಿ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಸುರಿದಿತ್ತು. ಮೈಸೂರಿನಲ್ಲಿ ಒಂದು ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ.

ಅಲ್ಲಿರುವ ನನ್ನ ಸ್ನೇಹಿತರನ್ನು ಎಲ್ಲರೂ ಗೌಡರು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರು ನೀಲಗಿರಿಯ ಬಡಗರು; ಬಡಗರಲ್ಲಿ ಗೌಡರೆಂದು ಕೂಗಿದರೆ ಅರ್ಧ ಹಟ್ಟಿ ತಿರುಗಿ ನೋಡುತ್ತದೆ, ಆದ್ದರಿಂದ ಅವರ ಗುಟ್ಟು ರಟ್ಟಾಯಿತೆಂಬ ಭಯವಿಲ್ಲ. ಮೈಸೂರಿನಲ್ಲಿ ಓದಿದವರು. ಮನೆಯಲ್ಲಿ ಬಡಗ ಮಾತು, ಬಜಾರಿನಲ್ಲಿ ತಮಿಳು, ಚಹಾ ಕಾರ್ಖಾನೆಯ ಲೆಕ್ಕಪತ್ರಕ್ಕೆ ಇಂಗ್ಲಿಷು, ಮಲಯಾಳಿ ಅಂಗಡಿಯವರೊಡನೆ ಚೌಕಾಸಿಗೆ ಸಾಕಾಗುವಷ್ಟು ಮಲಯಾಳಂ, ನನ್ನಂಥವನು ಬಂದರೆ ಮೈಸೂರು ಕನ್ನಡ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅವರ ಮುಖದ ಯಾವ ಮೂಲೆಯಲ್ಲೂ ಯಾವ ಅಕ್ಷರವೂ ಕಾಣಿಸಿಕೊಳ್ಳುವುದಿಲ್ಲ. ಬಾಗಿಲಿಗೆ ಯಾರು ಬಂದರು ಎನ್ನುವುದನ್ನು ಕಾಲಿನ ಸಪ್ಪಳದಲ್ಲೇ ತಿಳಿದು ನಾಲಿಗೆ ತಾನೇ ಹೊರಳಿಕೊಂಡಿರುತ್ತದೆ.

ಕಂಪ್ಯೂಟರಿಗೆ ಮಾತ್ರ ಆ ಜಾಣ್ಮೆ ಇಲ್ಲ. ಗೌಡರು ತಮ್ಮ ಹಟ್ಟಿಯ ಹಳೆಯ ಕಥೆಗಳನ್ನು, ಗಾದೆಗಳನ್ನು, ಹೆತ್ತೆ ಹಬ್ಬದ ಕಟ್ಟುಕಟ್ಟಳೆಗಳನ್ನು ಅದರಲ್ಲಿ ಬರೆದಿಡುತ್ತಾರೆ. ಭಾಷೆ ಬಡಗ, ಲಿಪಿ ಕನ್ನಡ. ಇದು ಅವರ ಖಯಾಲಿಯೇನೂ ಅಲ್ಲ. ನೀಲಗಿರಿಯ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಬಡಗಕ್ಕೆ ಕನ್ನಡ ಲಿಪಿಯನ್ನೇ ಹಿಡಿದರು. 1890ರಲ್ಲಿ ಅವರ ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚಾದ ಬಡಗ ಪುಸ್ತಕದ ಹೆಸರು ‘ಅಂಗ ಕರ್ತಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’. ಧಾರವಾಡದವರಿಗೂ ಪುತ್ತೂರಿನವರಿಗೂ ಅನುವಾದ ಬೇಕಿಲ್ಲ. ಈಗಿನ ಹುಡುಗರು ಬರೆಯುವುದಾದರೆ ತಮಿಳು ಲಿಪಿಯಲ್ಲಿ, ಇಲ್ಲವೇ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಅಲ್ಲಿನ ಇನ್‌ಸ್ಕ್ರಿಪ್ಟಿನಲ್ಲಿ ನಮ್ಮ ‘ಗ’ ಇರುವ ಕೀಲಿಗೆ ಕೆಲಸವೇ ಇಲ್ಲ, ಒತ್ತಿದರೆ ಸುಮ್ಮನಿರುತ್ತದೆ. ‘ಗೌಡರನ್ನು ಮೊದಲಕ್ಷರದಲ್ಲೇ ಕಳೆದುಕೊಳ್ಳುವ ಲಿಪಿ ನನಗೆ ಬೇಡ’ ಎಂಬುದು ಗೌಡರ ವಾದ. ನಾನು ತಮಿಳಿನ ಪರವಾಗಿ ಒಂದೆರಡು ಮಾತಾಡಿ ನೋಡಿದೆ, ಅವರು ಅವರೆ ಉದಕ ಬಡಿಸಿ ಬಾಯಿ ಮುಚ್ಚಿಸಿದರು.

ಈ ಸಲ ನಾನು ಹೋದಾಗ ಮನೆಯಲ್ಲಿ ಸೂತಕದ ಕಳೆ. ಕಂಪ್ಯೂಟರಿನಿಂದ ಕನ್ನಡ ಹೋಗಿಬಿಟ್ಟಿದೆ. ಮೂಲೆಯ ಅಕ್ಷರಗಳೂ ಮಾಯ. ಮೊಮ್ಮಗ, ಊಟಿಯ ಶಾಲೆಗೆ ಹೋಗುವ ಪೋರ, ಹೆತ್ತೆಯ, ಅಂದರೆ ಅಜ್ಜಿಯ, ಸೆರಗಿನ ಹಿಂದೆ ನಿಂತಿದ್ದ. ಅವನು ಅಲ್ಲಿ ನಿಂತದ್ದೇ ಅರ್ಧ ತಪ್ಪೊಪ್ಪಿಗೆ.

ವಿಚಾರಣೆಯಲ್ಲಿ ತಿಳಿದದ್ದು ಇಷ್ಟು. ಅವನ ಬಂದೂಕಿನ ಆಟದಲ್ಲಿ ಓಡಲು ಶಿಫ್ಟ್ ಒತ್ತಬೇಕು, ಇನ್ನೇನೋ ಮಾಡಲು ಆಲ್ಟ್ ಒತ್ತಬೇಕು. ಶತ್ರು ಎದುರಾದಾಗ ಎರಡೂ ಒಟ್ಟಿಗೆ ಒತ್ತಿಹೋಗುತ್ತವೆ. ವಿಂಡೋಸ್‌ಗೆ ಎಡಗಡೆಯ ಆಲ್ಟು, ಶಿಫ್ಟು ಸೇರಿದರೆ ಭಾಷೆ ಬದಲಿಸು ಎಂದರ್ಥ. ಹುಡುಗ ಗುಂಡು ಹಾರಿಸಲು ಹೋದರೆ ಆಟ ಅವನಿಂದ ಇನ್‌ಸ್ಕ್ರಿಪ್ಟಿನ ಓತ್ವವನ್ನು ನಿರೀಕ್ಷಿಸುತ್ತ ನಿಲ್ಲುತ್ತದೆ, ಅಷ್ಟರಲ್ಲಿ ಅವನು ಸತ್ತಿರುತ್ತಾನೆ. ಕನ್ನಡದಿಂದಾಗಿ ಪದೇ ಪದೇ ಪ್ರಾಣ ಕಳೆದುಕೊಂಡವನು ಸಿಟ್ಟಿನಲ್ಲಿ ಸೆಟ್ಟಿಂಗಿಗೆ ಹೋಗಿ ಭಾಷೆಗಳ ಪಟ್ಟಿಯಿಂದ ಕನ್ನಡವನ್ನೇ ತೆಗೆದುಹಾಕಿದ. ಲೋಕದಲ್ಲಿ ಎಷ್ಟೋ ಭಾಷೆಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಮನೆ ಬಿಟ್ಟು ಹೋಗಿವೆ.

ವಿಂಡೋಸಿನ ನಿಯಮ ಸರಳ: ಪಟ್ಟಿಯಲ್ಲಿ ಎರಡು ಭಾಷೆಗಳೋ ಎರಡು ಕೀಲಿಮಣೆಗಳೋ ಇದ್ದರೆ ಮೂಲೆಯಲ್ಲಿ ಸೂಚಕ ಇರುತ್ತದೆ; ಒಂದೇ ಉಳಿದರೆ, ಇನ್ನು ಸೂಚಿಸುವುದೇನು ಎಂದು ಅದು ಮರೆಯಾಗುತ್ತದೆ. ಇದರಲ್ಲಿ ತರ್ಕವಿದೆ. ಆದರೆ ತರ್ಕದ ಫಲ ನೋಡಿ: ಕಳೆದುಹೋದ ಭಾಷೆಯನ್ನು ಹುಡುಕಲು ಯಾವುದನ್ನು ಒತ್ತಬೇಕೋ ಅದೂ ಭಾಷೆಯ ಜೊತೆಗೇ ಹೋಗಿರುತ್ತದೆ. ಇಂಥ ಏರ್ಪಾಡು ಮಾಡಿದವರು ಒಂದೇ ಭಾಷೆಯ ಊರಿನವರೇ ಇರಬೇಕು ಎಂಬುದು ನನ್ನ ಗುಮಾನಿ. ಎಮರಾಲ್ಡಿನ ಯಾರಾದರೂ ಮಾಡಿದ್ದರೆ ಒಂದು ಭಾಷೆ ಉಳಿದಾಗ ದೊಡ್ಡ ಗಂಟೆಯೇ ಬಾರಿಸುವಂತೆ ಮಾಡುತ್ತಿದ್ದರು.

ಗೌಡರು ಸುಮ್ಮನೆ ಕೂತಿರಲಿಲ್ಲ. ‘ತೆಗೆದವನು ನೀನೇ, ನೀನೇ ಹಾಕು, ಕನ್ನಡ ಹಾಕು’ ಎಂದು ಒಳಕೋಣೆಯಿಂದ ಗದರಿದ್ದಾರೆ. ಹುಡುಗನೂ ವಿಧೇಯನಾಗಿ ಹಾಕಿದ್ದಾನೆ. ಅವನ ಕಿವಿಗೆ ಬಿದ್ದದ್ದು ಕೆನಡಾ. ಅವನ ತಪ್ಪಲ್ಲ, ಅವನ ಆಟದ ಗೆಳೆಯರು ಅರ್ಧ ಮಂದಿ ಆ ದೇಶದಲ್ಲಿದ್ದಾರೆ. ಹುಡುಕುವ ಪೆಟ್ಟಿಗೆಯಲ್ಲಿ ಕೆನಡಾ ಎಂದು ಹೊಡೆದರೆ ಎರಡು ಬಂದುವಂತೆ, ಕೆನಡಾದ ಇಂಗ್ಲಿಷು, ಕೆನಡಾದ ಫ್ರೆಂಚು. ಇಂಗ್ಲಿಷು ಮೊದಲೇ ಇದೆಯಲ್ಲ ಎಂದು ಯೋಚಿಸಿ ಫ್ರೆಂಚನ್ನು ಆರಿಸಿದ್ದಾನೆ. ಹುಡುಗನಲ್ಲಿ ವಿವೇಚನೆ ಇದೆ. ನಿಯಮದ ಪ್ರಕಾರ ಎರಡು ಭಾಷೆಗಳಾದವು, ಸೂಚಕ ಮೂಲೆಗೆ ಹಿಂದಿರುಗಿತು. ಗೌಡರು ಹರ್ಷಚಿತ್ತರಾಗಿ ಕೂತು ಬರೆಯಲು ಶುರುಮಾಡಿದರೆ ‘ಯ’ ಬರಬೇಕಾದ ಕಡೆ ತಲೆಯ ಮೇಲೆ ಕಡ್ಡಿ ಇಟ್ಟುಕೊಂಡ ಒಂದು ಫ್ರೆಂಚ್ ಅಕ್ಷರ ಪ್ರತ್ಯಕ್ಷವಾಯಿತು. ಬೆಚ್ಚಿಬಿದ್ದು ಅದನ್ನೂ ತೆಗೆಸಿದರು. ಸೂಚಕ ಮತ್ತೆ ಮಾಯ. ನಾನು ಹೋಗಿ ಇಳಿದದ್ದು ಈ ಘಟ್ಟದಲ್ಲಿ.

ನಗು ತಡೆಯಲಾಗಲಿಲ್ಲ. ಆದರೆ ಆ ಸಂಜೆ ಎಣ್ಣೆಹಿಟ್ಟು ತಿನ್ನುತ್ತ ಮಾತಾಡುವಾಗ, ಬೇರೆ ಯಾವ ಊರಿನಲ್ಲಾದರೂ ಕನ್ನಡದ ಜಾಗದಲ್ಲಿ ಕೆನಡಾ ಬರುವುದು ಅಪಹಾಸ್ಯ, ಎಮರಾಲ್ಡಿನಲ್ಲಿ ಹಾಗೆ ಹೇಳಲಾಗದು ಎಂಬ ತೀರ್ಮಾನಕ್ಕೆ ಇಬ್ಬರೂ ಬಂದೆವು. ಕುಂದಾ ಯೋಜನೆಗೆ ಕೊಲಂಬೊ ಯೋಜನೆಯಡಿ ನೆರವು ಕೊಟ್ಟದ್ದು ಕೆನಡಾ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಈ ಕಣಿವೆಗಳ ವಿದ್ಯುದಾಗಾರಗಳಿಗೆ ಆ ದೇಶದ ಯಂತ್ರಗಳು ಬಂದವು, ಅವುಗಳ ಹಿಂದೆ ಆ ದೇಶದ ಎಂಜಿನಿಯರುಗಳೂ ಬಂದರು. ಅವರು ಇಲ್ಲಿ ಫ್ರೆಂಚ್ ಆಡಿದರೋ ಇಂಗ್ಲಿಷ್ ಆಡಿದರೋ, ಗೌಡರ ಅಪ್ಪನಂಥವರು ಅವರೊಡನೆ ಬಡಗದಲ್ಲೇ ಕೆಲಸ ಸಾಗಿಸಿದ್ದರೆ ನನಗೆ ಆಶ್ಚರ್ಯವಿಲ್ಲ.

ಅದಕ್ಕೂ ಮೊದಲು ಬಂದಿದ್ದ ಕೆನಡಾದವರೊಬ್ಬರ ಕಥೆ ಇನ್ನೂ ಚೆನ್ನಾಗಿದೆ. ಮರ್ರೆ ಎಮಿನೊ, ನೋವಾ ಸ್ಕೋಶಿಯಾದ ಲೂನೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1904ರಲ್ಲಿ ಹುಟ್ಟಿದವರು. 1935ರಲ್ಲಿ ಭಾರತಕ್ಕೆ ಬಂದು ಮೂರು ವರ್ಷ ಇದ್ದು, ನೀಲಗಿರಿಯ ತೋಡರ, ಕೋತರ ಮಾತುಗಳನ್ನು ಕೂತು ಬರೆದುಕೊಂಡರು. ಬರೋ ಎಂಬ ಇನ್ನೊಬ್ಬ ಭಾಷಾವಿದ್ವಾಂಸರೊಡನೆ ಸೇರಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶ ಮಾಡಿದವರು ಇವರೇ. 1939ರಲ್ಲಿ ಬಡಗದ ಸ್ವರಗಳ ಮೇಲೆಯೇ ಒಂದು ಲೇಖನ ಬರೆದರು. ಬಡಗರು ಕೆಲವು ಸ್ವರಗಳನ್ನು ಆಡುವಾಗ ನಾಲಿಗೆಯನ್ನು ಹಿಂದಕ್ಕೆ ಸುರುಳಿ ಮಾಡುತ್ತಾರೆ, ಎಮಿನೊ ಕೇಳಿದ ಕಾಲಕ್ಕೆ ಸುರುಳಿಯ ಹೆಚ್ಚುಕಡಿಮೆಯಲ್ಲಿ ಪದದ ಅರ್ಥವೇ ಬೇರೆಯಾಗುತ್ತಿತ್ತು. ನಮ್ಮ ಟ-ಡ-ಳಗಳಲ್ಲಿ ನಾಲಿಗೆ ಮಡಚುವುದು ವ್ಯಂಜನಕ್ಕೆ. ಇವರದು ಸ್ವರಕ್ಕೇ ಮಡಚುವ ವಿದ್ಯೆ. ಪ್ರಪಂಚದಲ್ಲಿ ಅಪರೂಪದ ಈ ಗುಣವನ್ನು ಕಿವಿಯಿಟ್ಟು ಕೇಳಿ ವಿದ್ವತ್ತಿನ ಲೋಕಕ್ಕೆ ಹೇಳಿದವರು ಕೆನಡಾದಲ್ಲಿ ಹುಟ್ಟಿದವರು. ನಾವು ಮೈಸೂರಿನವರು ತಲೆಮಾರುಗಳಿಂದ ಊಟಿಗೆ ಹೋಗಿ ಕುದುರೆ ಹತ್ತಿ, ವರ್ಕಿ ಕಟ್ಟಿಸಿಕೊಂಡು ಬಂದೆವು. ‘ಅವರು ಮಾತಾಡೋದು ಒಂಥರಾ ಹಳೇ ಕನ್ನಡ ಕಣ್ರೀ’ ಎನ್ನುವುದಕ್ಕಿಂತ ಮುಂದೆ ನಮ್ಮ ಸಂಶೋಧನೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕರೆಂಟು ಇದ್ದಾಗಲೇ ಕೆಲಸ ಮುಗಿಸೋಣವೆಂದು ಕೂತೆವು. ಕೆಲಸ ದೊಡ್ಡದೇನಲ್ಲ. ಸೆಟ್ಟಿಂಗಿನಲ್ಲಿ ಸಮಯ ಮತ್ತು ಭಾಷೆ ಎಂಬ ಕೋಣೆಗೆ ಹೋಗಿ, ಭಾಷೆ ಸೇರಿಸು ಎಂದು ಕೇಳಿ, ಈ ಬಾರಿ ಗೌಡರೇ ಹಿಂದೆ ನಿಂತು ಇಂಗ್ಲಿಷಿನ ಕಾಗುಣಿತವನ್ನು ಒಂದೊಂದಾಗಿ ಹೇಳಿ, ಕನ್ನಡವನ್ನು ಸೇರಿಸಿದೆವು. ಅದರೊಳಗೆ ಕೀಲಿಮಣೆ ಯಾವುದೆಂದು ಕೇಳುತ್ತದೆ: ಹಳೆಯ ಇನ್‌ಸ್ಕ್ರಿಪ್ಟು ಒಂದು, ಇಂಗ್ಲಿಷ್ ಉಚ್ಚಾರದಲ್ಲಿ ಹೊಡೆದರೆ ಕನ್ನಡವಾಗಿಸುವ ಫೊನೆಟಿಕ್ ಇನ್ನೊಂದು. ಎರಡನೆಯದು 2019ರ ಮೇ ತಿಂಗಳ ಅಪ್‌ಡೇಟಿನಲ್ಲಿ ಬಂದದ್ದು. ‘ಅದು ಹುಡುಗರಿಗೆ’ ಎಂದು ಗೌಡರು ಇನ್‌ಸ್ಕ್ರಿಪ್ಟಿಗೇ ಕೈ ತೋರಿಸಿದರು. ಅವರ ಕೀಲಿಗಳ ಮೇಲೆ ಅಂಟಿಸಿದ ಕನ್ನಡದ ಚೀಟಿಗಳು ಅರ್ಧಕ್ಕರ್ಧ ಸವೆದುಹೋಗಿವೆ. ಬೆರಳಿಗೆ ದಾರಿ ಗೊತ್ತು.

ಸೇರಿಸಿದ್ದಾಯಿತು, ಎರಡು ಭಾಷೆಯೂ ಆಯಿತು. ಆದರೂ ಸೂಚಕ ಬರಲಿಲ್ಲ. ಗೌಡರದಂಥ ವಿಂಡೋಸ್ ಹತ್ತರಲ್ಲಿ ಇಂಥ ಸಮಯದಲ್ಲಿ ಮೊದಲು ನೋಡಬೇಕಾದ್ದು ಟಾಸ್ಕ್‌ಬಾರಿನ ಸೆಟ್ಟಿಂಗು. ಅಲ್ಲಿ ಗಡಿಯಾರ, ಧ್ವನಿ, ನೆಟ್‌ವರ್ಕು ಎಂದು ಒಬ್ಬೊಬ್ಬರಿಗೂ ಒಂದೊಂದು ಗುಂಡಿಯಿದೆ, ಇನ್‌ಪುಟ್ ಇಂಡಿಕೇಟರ್ ಎಂಬುದಕ್ಕೂ ಇದೆ. ಈ ಗದ್ದಲದ ನಡುವೆ ಯಾರೋ ಅದನ್ನು ಆರಿಸಿಬಿಟ್ಟಿದ್ದರು. ‘ಯಾರೋ’ ಮತ್ತೆ ಹೆತ್ತೆಯ ಹಿಂದೆ ಸರಿದ. ಅದನ್ನು ಹಚ್ಚಿದೆವು, ಬಂತು. ಅದಕ್ಕೂ ಬಾರದಿದ್ದರೆ ಸಿಟಿಎಫ್‌ಮಾನ್ ಎಂಬ ಒಬ್ಬ ಆಳನ್ನು ಎಬ್ಬಿಸಬೇಕಾಗುತ್ತಿತ್ತು. ಎಕ್ಸ್‌ಪಿ ಕಾಲದಿಂದಲೂ ತೆರೆಯ ಹಿಂದೆ ದುಡಿಯುತ್ತಿರುವವನು ಇವನು. ಇವನು ಮಲಗಿದರೆ ಭಾಷೆಯ ಪಟ್ಟಿಯ ಕಥೆ ಇರಲಿ, ಸ್ಟಾರ್ಟ್ ಮೆನುವಿನ ಹುಡುಕುಪೆಟ್ಟಿಗೆಯಲ್ಲಿ ಅಕ್ಷರವೇ ಬೀಳದೆ ಹೋಗುವುದುಂಟು. ಹೆಸರು ನೋಡಿ ವೈರಸ್ಸೆಂದು ತಿಳಿದು ಎಷ್ಟು ಮಂದಿ ಇವನನ್ನು ಅಳಿಸಲು ಹೊರಟಿಲ್ಲ! ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇವನ ಹೆಸರು ಬರೆದರೆ ಕಣ್ಣುಜ್ಜಿಕೊಂಡು ಎದ್ದುಬರುತ್ತಾನೆ.

ಇನ್ನು ಸಂಧಾನದ ಪ್ರಶ್ನೆ. ಕನ್ನಡ ಬಂದರೆ ಹುಡುಗ ಆಟದಲ್ಲಿ ಸಾಯುತ್ತಾನೆ, ಹುಡುಗ ಬದುಕಿದರೆ ಕನ್ನಡ ಹೋಗುತ್ತದೆ. ಕೀಲಿಮಣೆಯ ಹೆಚ್ಚಿನ ಸೆಟ್ಟಿಂಗುಗಳೊಳಗೆ ಹಳೆಯ ಕಾಲದ ಒಂದು ಪುಟ್ಟ ಕಿಟಕಿ ಇನ್ನೂ ಉಳಿದುಕೊಂಡಿದೆ. ಅಲ್ಲಿ ಆಲ್ಟ್-ಶಿಫ್ಟಿನ ಜೋಡಿಗೆ ಯಾವ ಕೆಲಸವೂ ಬೇಡವೆಂದು ಬರೆಸಬಹುದು. ಬರೆಸಿದೆವು. ಭಾಷೆ ಬದಲಿಸಲು ಇನ್ನು ಮುಂದೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಬೇಕು. ಆಟದಲ್ಲಿ ಆ ಎರಡನ್ನು ಯಾರೂ ಕೂಡಿಸಿ ಒತ್ತುವುದಿಲ್ಲವಂತೆ. ಹುಡುಗ ಪರೀಕ್ಷೆ ಮಾಡಿ ನೋಡಿ, ನಾಲ್ಕು ಜನ ಶತ್ರುಗಳನ್ನು ಕೊಂದು, ಒಪ್ಪಂದಕ್ಕೆ ಒಪ್ಪಿದ.

ಅಷ್ಟರಲ್ಲಿ ಗೌಡರು ಭಾಷೆಗಳ ಪಟ್ಟಿಯನ್ನು ಬೇರೆ ಕಾರಣಕ್ಕೆ ಮೇಲೆ ಕೆಳಗೆ ಓಡಿಸುತ್ತಿದ್ದರು. ಐಸ್‌ಲ್ಯಾಂಡಿನವರದು ಇದೆ, ಅವರು ನಾಲ್ಕು ಲಕ್ಷವೂ ಇಲ್ಲ. ಫ್ಯಾರೋ ದ್ವೀಪದವರದೂ ಇದೆ, ಅವರು ಒಂದು ಲಕ್ಷವೂ ಇಲ್ಲ. 2011ರ ಜನಗಣತಿಯಲ್ಲಿ ಬಡಗ ತಾಯ್ನುಡಿಯೆಂದು ಬರೆಸಿದವರು 1.33 ಲಕ್ಷ, ಗಣತಿಯವರು ಅವರನ್ನು ಕನ್ನಡ ಎಂಬ ದೊಡ್ಡ ತಲೆಬರಹದ ಕೆಳಗೆ ಸೇರಿಸಿ ಎಣಿಸಿದ್ದಾರೆ. ಭಾಷೆಗಳಿಗೆ ಅಂತರರಾಷ್ಟ್ರೀಯ ಸಂಕೇತ ಕೊಡುವವರು ಮಾತ್ರ ಬಡಗಕ್ಕೆ ಅದರದೇ ಮೂರಕ್ಷರ ಕೊಟ್ಟಿದ್ದಾರೆ, ಬಿ-ಎಫ್-ಕ್ಯೂ ಎಂದು. ಸಂಕೇತವೇನೋ ಇದೆ, ಕೀಲಿಮಣೆಯ ಪಟ್ಟಿಯಲ್ಲಿ ಹೆಸರಿಲ್ಲ. ಎಮಿನೊ ಕೇಳಿಸಿಕೊಂಡ ಆ ಸುರುಳಿ ಸ್ವರಗಳಿಗೆ ಕನ್ನಡ ಲಿಪಿಯಲ್ಲೂ ಅಕ್ಷರಗಳಿಲ್ಲ, ಆದ್ದರಿಂದ ಗೌಡರು ತಮ್ಮದೇ ಉಪಾಯ ಮಾಡಿಕೊಂಡು ಆ ಕಡೆಗಳಲ್ಲಿ ಅಕ್ಷರದ ಮುಂದೆ ಒಂದು ಅಡ್ಡಗೆರೆ ಹಾಕುತ್ತಾರೆ. ಓದುವವನಿಗೆ ಬಡಗ ಗೊತ್ತಿದ್ದರೆ ನಾಲಿಗೆ ಅಲ್ಲಿ ತಾನೇ ಸುರುಳಿಯಾಗುತ್ತದೆ, ಗೊತ್ತಿಲ್ಲದಿದ್ದರೆ ಅಚ್ಚಿನ ದೋಷವೆಂದುಕೊಂಡು ಮುಂದೆ ಹೋಗುತ್ತಾನೆ. ಅವರು ತೋರಿಸಿದಾಗ ನಾನೂ ಆಡಿ ನೋಡಿದೆ. ಹೆತ್ತೆ ಅಡುಗೆಮನೆಯಿಂದ ಹೊರಗೆ ಬಂದು ನನಗೆ ಹಲ್ಲುನೋವೇ ಎಂದು ವಿಚಾರಿಸಿದರು.

‘ಬಡಗ ಇಲ್ಲ ಬಿಡಿ’ ಎಂದು ಪಟ್ಟಿ ಮುಚ್ಚುವ ಮೊದಲು ಗೌಡರು ಮೊಮ್ಮಗನನ್ನು ಕರೆದು, ‘ಆ ಕೆನಡಾದ್ದನ್ನೂ ವಾಪಸು ಹಾಕು’ ಎಂದರು. ನಾನು ಬೇಡವೆಂದೆ. ಫ್ರೆಂಚು ನಿಮಗೇತಕ್ಕೆ ಗೌಡರೇ, ಸುಮ್ಮನೆ ಗೊಂದಲ ಎಂದೆ.

‘ಇರಲಿ ಸಾರ್, ಕರೆಂಟು ಕೊಟ್ಟವರು’ ಎಂದರು.

ಹುಡುಗ ಹಾಕಿದ. ಹಾಕುವಾಗ ಅದನ್ನು ಪಟ್ಟಿಯಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಸೇರಿಸಿದ್ದಾನೆ. ಈಗ ಗೌಡರು ಕಾರ್ಖಾನೆಯ ಲೆಕ್ಕ ಮುಗಿಸಿ ಹಟ್ಟಿಯ ಕಥೆಗೆ ಬರಬೇಕಾದರೆ ಪ್ರತಿ ಸಲವೂ ಕೆನಡಾ ದಾಟಿಕೊಂಡೇ ಬರುತ್ತಾರೆ.